ರಥ ನಿರ್ಮಾಣ ಕಲೆ

ರಥ ನಿರ್ಮಾಣ ಅಥವಾ ತೇರು ನಿರ್ಮಾಣವು ದೇವಾಲಯದ ಉತ್ಸವಮೂರ್ತಿಯನ್ನು ಮೆರವಣಿಗೆಯಲ್ಲಿ ಕೊಂಡೊಯ್ಯುವ ಮರದ ವಾಹನವನ್ನು ರೂಪಿಸುವ ಕುಶಲಕಲೆ. ಬಡಗಿ, ಕಮ್ಮಾರ ಮತ್ತು ಕೆತ್ತನೆಗಾರರ ಕೆಲಸ ಇದರಲ್ಲಿ ಒಂದುಗೂಡುತ್ತದೆ. ಪ್ರತಿಯೊಂದು ರಥವನ್ನೂ ನಿರ್ದಿಷ್ಟ ದೇವಾಲಯಕ್ಕಾಗಿ, ಅಲ್ಲಿನ ರಥಬೀದಿಯ ಅಗಲ, ಇಳಿಜಾರು ಮತ್ತು ತಿರುವುಗಳನ್ನು ಗಮನಿಸಿ ಕಟ್ಟುವುದರಿಂದ ಒಂದು ರಥದಂತೆ ಮತ್ತೊಂದು ಇರುವುದಿಲ್ಲ. ಕರ್ನಾಟಕದ ಇತರ ಭಾಗಗಳಂತೆ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿಯೂ ರಥೋತ್ಸವವು ಜಾತ್ರೆಯ ಮುಖ್ಯ ಅಂಗವಾಗಿದೆ.

ಹಿನ್ನೆಲೆ

ಸಂಸ್ಕೃತದ ವಾಸ್ತುಗ್ರಂಥವಾದ ಮಾನಸಾರದಲ್ಲಿ ರಥದ ಲಕ್ಷಣಗಳನ್ನು ವಿವರಿಸುವ ಪ್ರತ್ಯೇಕ ಅಧ್ಯಾಯವಿದೆ. ದೇವಾಲಯವನ್ನು ಕಟ್ಟುವಾಗ ಅನುಸರಿಸುವ ಅಧಿಷ್ಠಾನ, ಗರ್ಭಗೃಹ, ಶಿಖರ, ಕಲಶ ಎಂಬ ಕ್ರಮವೇ ರಥದಲ್ಲಿಯೂ ಕಾಣುವುದರಿಂದ ಅದನ್ನು ಚಲಿಸುವ ದೇವಾಲಯವೆಂದು ಭಾವಿಸಲಾಗುತ್ತದೆ. ಹಂಪಿಯ ವಿಠ್ಠಲ ದೇವಾಲಯದ ಆವರಣದಲ್ಲಿರುವ ಕಲ್ಲಿನ ರಥವು ವಾಸ್ತವವಾಗಿ ಗರುಡನ ಗುಡಿಯಾಗಿದ್ದು, ಮರದ ರಥದ ಆಕಾರವನ್ನು ಶಿಲೆಯಲ್ಲಿ ತೋರಿಸುತ್ತದೆ. ಒಡಿಶಾದ ಪುರಿಯಲ್ಲಿ ಮೂರು ರಥಗಳನ್ನು ಪ್ರತಿವರ್ಷ ಹೊಸದಾಗಿ ಕಟ್ಟುವ ಪದ್ಧತಿಯಿದೆ. ಕರ್ನಾಟಕದಲ್ಲಿ ಹಾಗಲ್ಲ, ಒಮ್ಮೆ ಕಟ್ಟಿದ ರಥವನ್ನು ದುರಸ್ತಿ ಮಾಡುತ್ತಾ ಹಲವು ತಲೆಮಾರುಗಳವರೆಗೆ ಬಳಸುತ್ತಾರೆ.

ಶಿಕಾರಿಪುರ ಮತ್ತು ಸೊರಬದ ಪರಂಪರೆ

ಶಿಕಾರಿಪುರ ಪಟ್ಟಣದ ಆರಾಧ್ಯದೈವ ಹುಚ್ಚರಾಯಸ್ವಾಮಿ. ಭ್ರಾಂತೇಶನೆಂದೂ ಕರೆಯಲಾಗುವ ಈ ಆಂಜನೇಯನ ರಥೋತ್ಸವವು ಚೈತ್ರಮಾಸದಲ್ಲಿ ನಡೆಯುತ್ತದೆ. ಸೊರಬ ಪಟ್ಟಣವು ದಂಡಾವತಿ ನದಿಯ ದಡದಲ್ಲಿದ್ದು, ಅಲ್ಲಿ ರಂಗನಾಥಸ್ವಾಮಿಗೆ ರಥೋತ್ಸವ ನಡೆಯುತ್ತದೆ. ಇದೇ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆಟ್ಟದ ಗುಹಾಲಯದ ರೇಣುಕಾಂಬೆಗೂ ರಥೋತ್ಸವವುಂಟು.

ಈ ಭಾಗದ ಕೆತ್ತನೆಯ ಪರಂಪರೆ ಪ್ರಾಚೀನವಾದುದು. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕೆಲಸ ಮಾಡಿದ ಶಿಲ್ಪಿ ದಾಸೋಜ ಮತ್ತು ಅವನ ಮಗ ಚಾವಣ ಇಂದಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವರು. ಆ ದೇವಾಲಯದ ಪ್ರತಿಷ್ಠೆ ನಡೆದದ್ದು 1117ರಲ್ಲಿ. ಮರದ ಕೆತ್ತನೆಯಲ್ಲಿ ಸೊರಬ ಮತ್ತು ಸಾಗರದ ಗುಡಿಗಾರರು ಹೆಸರುವಾಸಿ. ಇವರು ಶ್ರೀಗಂಧದ ಪೆಟ್ಟಿಗೆ ಮತ್ತು ಮೂರ್ತಿಗಳನ್ನು, ಬೆಂಡಿನಿಂದ ಮದುವೆಯ ಬಾಸಿಂಗಗಳನ್ನು ತಯಾರಿಸುತ್ತಾರೆ. ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್ ಗುಡಿಗಾರರ ಗಂಧದ ಕೆಲಸವನ್ನು ಪ್ರಸ್ತಾಪಿಸುತ್ತದೆ. ಗಂಧದ ಮರವನ್ನು ರಥಕ್ಕೆ ಬಳಸುವುದಿಲ್ಲವಾದರೂ ಬಳ್ಳಿ, ಹೂವು, ಹಂಸ, ಯಾಳಿ ಮುಂತಾದ ಕೆತ್ತನೆಯ ಮಾದರಿಗಳು ಎರಡಕ್ಕೂ ಸಮಾನವಾಗಿವೆ.

ರಚನೆ

ಗಾಲಿ ಮತ್ತು ಅಚ್ಚು: ರಥದ ಇಡೀ ಭಾರವನ್ನು ಹೊರುವ ಭಾಗಗಳಿವು. ಎತ್ತಿನ ಗಾಡಿಯ ಗಾಲಿಗೆ ಅರೆಕಾಲುಗಳಿದ್ದರೆ, ದೊಡ್ಡ ರಥದ ಗಾಲಿ ಸಾಮಾನ್ಯವಾಗಿ ಗಟ್ಟಿಯಾದ ಬಿಲ್ಲೆಯಂತಿರುತ್ತದೆ. ದಪ್ಪ ಹಲಗೆಗಳನ್ನು ಜೋಡಿಸಿ, ಬೆಣೆ ಹೊಡೆದು, ಸುತ್ತಲೂ ಕಬ್ಬಿಣದ ಪಟ್ಟಿ ಹಾಕುತ್ತಾರೆ. ಪಟ್ಟಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿ ಬೆಸೆದು, ಕಾಯಿಸಿ ಹಿಗ್ಗಿಸಿ, ಗಾಲಿಗೆ ತೊಡಿಸಿ ನೀರು ಹಾಕಿದಾಗ ಅದು ಕುಗ್ಗಿ ಹಲಗೆಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಗಾಲಿಯು ಅಚ್ಚಿನಿಂದ ಕಳಚದಂತೆ ತುದಿಯಲ್ಲಿ ಕಡಾಣಿ ಇರುತ್ತದೆ. ಉಜ್ಜಾಟ ಕಡಿಮೆಯಾಗಲು ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಾರೆ.

ಗಡ್ಡೆ: ಅಚ್ಚಿನ ಮೇಲೆ ಕೂರುವ ಮರದ ಪೀಠಕ್ಕೆ ಗಡ್ಡೆ ಎಂಬ ಹೆಸರಿದೆ. ತೊಲೆಗಳನ್ನು ಒಂದರ ಮೇಲೊಂದು ಅಡ್ಡಡ್ಡವಾಗಿ ಜೋಡಿಸುತ್ತಾ, ಪ್ರತಿ ಹಂತವನ್ನೂ ಕೆಳಗಿನದಕ್ಕಿಂತ ಸ್ವಲ್ಪ ಹೊರಚಾಚುವಂತೆ ಕಟ್ಟುತ್ತಾರೆ. ಒಂದು ತೊಲೆಯ ತುದಿಯಲ್ಲಿ ಬಿಡಿಸಿದ ನಾಲಗೆಯನ್ನು ಇನ್ನೊಂದರ ಕುಳಿಗೆ ಕೂಡಿಸಿ ಮರದ ಬೆಣೆಯಿಂದ ಭದ್ರಪಡಿಸಲಾಗುತ್ತದೆ. ಚಲಿಸುವಾಗ ಬೀಳುವ ಪೆಟ್ಟನ್ನು ಇಂತಹ ಕೂಡುಗಳು ತುಸು ಅಲುಗಾಡಿ ತಾಳಿಕೊಳ್ಳುತ್ತವೆ. ಹೊರಮೈಯಲ್ಲಿ ಅಷ್ಟದಿಕ್ಪಾಲಕರು, ದಶಾವತಾರ, ದ್ವಾರಪಾಲಕರು, ಆನೆ, ಯಾಳಿ ಮುಂತಾದ ಕೆತ್ತನೆಯ ಫಲಕಗಳಿರುತ್ತವೆ. ಉಳಿ, ಕೊಡತಿ, ಬಾಚಿ, ಗರಗಸ ಮತ್ತು ಬೈರಿಗೆ ಈ ಕೆಲಸದ ಮುಖ್ಯ ಉಪಕರಣಗಳು.

ಮೇಲ್ಭಾಗ: ಮೂರ್ತಿಯನ್ನು ಕೂರಿಸುವ ಅಂಕಣದ ಮೇಲಿನ ಗೋಪುರವನ್ನು ಹಗುರವಾದ ಮರ, ಬಿದಿರು ಮುಂತಾದವುಗಳಿಂದ ಕಟ್ಟಿ, ಬಟ್ಟೆ ಮತ್ತು ಪತಾಕೆಗಳಿಂದ ಮುಚ್ಚುತ್ತಾರೆ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಮಲೆಕುಡಿಯ ಸಮುದಾಯದವರು ಬಿದಿರು ಮತ್ತು ಬೆತ್ತದಿಂದ ರಥವನ್ನು ಕಟ್ಟಿ ಸಿಂಗರಿಸುತ್ತಾರೆ. ಭಾರವೆಲ್ಲ ಗಡ್ಡೆಯಲ್ಲಿ ತಂಗಿ ಮೇಲ್ಭಾಗ ಹಗುರವಾಗಿದ್ದರೆ ಎತ್ತರದ ರಥವೂ ಸುಲಭವಾಗಿ ವಾಲುವುದಿಲ್ಲ.

ಎಳೆಯುವ ವಿಧಾನ

ರಥಕ್ಕೆ ಚಾಲನಾಯಂತ್ರವಾಗಲಿ ದಿಕ್ಕು ತಿರುಗಿಸುವ ವ್ಯವಸ್ಥೆಯಾಗಲಿ ಇರುವುದಿಲ್ಲ. ಭಕ್ತರು ಮಿಣಿ ಎಂಬ ದಪ್ಪ ಹಗ್ಗಗಳನ್ನು ಹಿಡಿದು ಎಳೆಯುತ್ತಾರೆ. ನಿಂತ ರಥವನ್ನು ಕದಲಿಸಲು ಹಿಂದಿನ ಗಾಲಿಗಳಿಗೆ ಸನ್ನೆಗೋಲು ಕೊಡಲಾಗುತ್ತದೆ. ಗಾಲಿಯ ಮುಂದೆ ಮರದ ತುಂಡನ್ನು ಓರೆಯಾಗಿ ಇಟ್ಟರೆ ರಥವು ಪಕ್ಕಕ್ಕೆ ಹೊರಳುತ್ತದೆ. ನೇರವಾಗಿ ಇಟ್ಟರೆ ನಿಲ್ಲುತ್ತದೆ. ಉರುಳುವ ಗಾಲಿಯ ಬದಿಯಲ್ಲಿಯೇ ನಡೆಯುತ್ತಾ ಇದನ್ನು ಮಾಡಬೇಕಾದ್ದರಿಂದ ಈ ಕೆಲಸವು ರಥೋತ್ಸವದಲ್ಲಿ ಅತ್ಯಂತ ಅಪಾಯಕಾರಿಯಾದುದು. ಅನುಭವಿಗಳು ಮಾತ್ರ ಇದನ್ನು ನಿರ್ವಹಿಸುತ್ತಾರೆ.

ಸುರಕ್ಷತೆ ಮತ್ತು ದುರಸ್ತಿ

ರಥವು ವರ್ಷದಲ್ಲಿ ಕೆಲವೇ ದಿನ ಚಲಿಸುತ್ತದೆ. ಉಳಿದ ಕಾಲ ರಥದ ಮನೆಯಲ್ಲಿ ಅಥವಾ ತಗಡಿನ ಹೊದಿಕೆಯಡಿ ನಿಂತಿರುತ್ತದೆ. ಮಲೆನಾಡಿನ ಮಳೆಗಾಲದ ತೇವಕ್ಕೆ ಮರ ಹಿಗ್ಗಿ, ಬೇಸಗೆಯಲ್ಲಿ ಕುಗ್ಗುವುದರಿಂದ ಕೂಡುಗಳು ಸಡಿಲವಾಗುತ್ತವೆ. ಗೆದ್ದಲು ಇನ್ನೊಂದು ಶತ್ರು. ಕೆತ್ತನೆಯ ಹಾನಿ ಕಣ್ಣಿಗೆ ಬೀಳುತ್ತದೆ, ಆದರೆ ಅಚ್ಚಿನ ಒಳಬಿರುಕು ಕಾಣುವುದಿಲ್ಲ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಕೊಟ್ಟೂರೇಶ್ವರ ಸ್ವಾಮಿಯ ರಥವು ಗಾಲಿಯ ಅಚ್ಚು ಮುರಿದು ಜನಸಂದಣಿಯ ನಡುವೆ ಉರುಳಿ ಹಲವರು ಗಾಯಗೊಂಡರು. ಅದೇ ವರ್ಷ ಚಾಮರಾಜನಗರದ ಚಾಮರಾಜೇಶ್ವರ ಸ್ವಾಮಿಯ ರಥವು ಬೆಂಕಿಗೆ ಆಹುತಿಯಾಯಿತು. ನವವಿವಾಹಿತರು ಹೆಚ್ಚಾಗಿ ಸೇರುವ ಅಲ್ಲಿನ ಆಷಾಢದ ರಥೋತ್ಸವವು ಹೊಸ ರಥ ಸಿದ್ಧವಾದ ಬಳಿಕ 2022ರಲ್ಲಿ ಮತ್ತೆ ನಡೆಯಿತು.

ಹಳೆಯ ರಥಗಳ ದುರಸ್ತಿಯಲ್ಲಿ ಗಾಲಿ, ಅಚ್ಚು ಮತ್ತು ಒಳತೊಲೆಗಳನ್ನು ಬದಲಿಸಿ, ಗಟ್ಟಿಯಾಗಿ ಉಳಿದಿರುವ ಕೆತ್ತನೆಯ ಫಲಕಗಳನ್ನು ಮರಳಿ ಜೋಡಿಸುವುದುಂಟು. ಹೀಗಾಗಿ ಒಂದೇ ರಥದಲ್ಲಿ ಬೇರೆ ಬೇರೆ ಕಾಲದ ಕೈಕೆಲಸ ಕಾಣಬಹುದು.

ಇಂದಿನ ಸ್ಥಿತಿ

ಉಡುಪಿ ಜಿಲ್ಲೆಯ ಕುಂದಾಪುರ ಸಮೀಪದ ಕೋಟೇಶ್ವರವು ಇಂದು ರಥ ನಿರ್ಮಾಣಕ್ಕೆ ಪ್ರಸಿದ್ಧವಾದ ಸ್ಥಳ. ಕುಕ್ಕೆ ಸುಬ್ರಹ್ಮಣ್ಯದ ಹೊಸ ಬ್ರಹ್ಮರಥವು ಅಲ್ಲಿಯೇ ನಿರ್ಮಾಣಗೊಂಡು 2019ರಲ್ಲಿ ಕ್ಷೇತ್ರವನ್ನು ತಲುಪಿತು. ತಮಿಳುನಾಡಿನ ತಿರುಚಿರಾಪಳ್ಳಿಯ ಬಿಎಚ್‌ಇಎಲ್ ಕಾರ್ಖಾನೆಯು ದೇವಾಲಯದ ರಥಗಳಿಗೆ ಉಕ್ಕಿನ ಗಾಲಿ ಮತ್ತು ಅಚ್ಚುಗಳನ್ನು ತಯಾರಿಸಿಕೊಟ್ಟಿದೆ. ಉಕ್ಕಿನ ಅಚ್ಚು ಹೆಚ್ಚು ಭಾರ ತಾಳುತ್ತದೆ; ಆದರೆ ಅದರ ಮೇಲಿನ ಮರದ ಗಡ್ಡೆಯನ್ನು ಅದಕ್ಕೆ ಹೊಂದುವಂತೆ ಮಾರ್ಪಡಿಸಬೇಕಾಗುತ್ತದೆ. ಗಡ್ಡೆಗೆ ಬೇಕಾದ ಉದ್ದ ಮತ್ತು ದಪ್ಪದ ತೇಗ, ಹೊನ್ನೆಯಂತಹ ಮರಗಳು ದುಬಾರಿಯಾಗಿವೆ. ಅವುಗಳ ಕಡಿತ ಮತ್ತು ಸಾಗಣೆಯು ಅರಣ್ಯ ಕಾನೂನಿನ ನಿಯಂತ್ರಣದಲ್ಲಿದೆ. ಹೊಸ ರಥದ ಕೆಲಸ ಒಂದು ಊರಿಗೆ ಅಪರೂಪಕ್ಕೆ ಬರುವುದರಿಂದ, ಗಾಲಿ ಮತ್ತು ಅಚ್ಚಿನ ಅಳತೆಗಳನ್ನು ಅರಿತವರ ಸಂಖ್ಯೆ ಕೆತ್ತನೆಗಾರರ ಸಂಖ್ಯೆಗಿಂತ ಕಡಿಮೆಯಿರುತ್ತದೆ. ರಥವು ಸುರಕ್ಷಿತವಾಗಿ ನೆಲೆಗೆ ಮರಳುವುದು ಮಾತ್ರ ಅವರ ಕೆಲಸವನ್ನೇ ಅವಲಂಬಿಸಿದೆ.