ಸಾಲದ ಹೊರೆ ಮತ್ತು ಉದ್ಯಮದ ಬೆಳವಣಿಗೆ: ಥಾರ್ ಸಂಸ್ಥೆಯ ನಿದರ್ಶನ

ಅಡುಗೆಮನೆ, ಹಾಸಿಗೆ, ಸ್ನಾನಗೃಹಗಳುಳ್ಳ ವಿಹಾರ ವಾಹನಗಳ ತಯಾರಿಕೆ ಅಮೆರಿಕದಲ್ಲಿ ಒಂದು ಪ್ರಮುಖ ಉದ್ಯಮ. ಆದರೆ ಇವು ಅತ್ಯಾವಶ್ಯಕ ವಸ್ತುಗಳಲ್ಲ. ಬಡ್ಡಿದರ ಏರಿದರೆ, ಇಂಧನ ದುಬಾರಿಯಾದರೆ ಗ್ರಾಹಕನು ಮೊದಲು ಮುಂದೂಡುವುದು ಇಂತಹ ಖರೀದಿಯನ್ನೇ. ಈ ಏರಿಳಿತದ ನಡುವೆ ಥಾರ್ ಇಂಡಸ್ಟ್ರೀಸ್ ಬೆಳೆದ ಬಗೆ ನಮ್ಮ ಉದ್ಯಮಿಗಳಿಗೂ ಬೋಧಪ್ರದವಾಗಿದೆ.

1980ರಲ್ಲಿ ವೇಡ್ ಥಾಂಪ್ಸನ್ ಮತ್ತು ಪೀಟರ್ ಆರ್ಥ್‌ವೈನ್ ಅವರು ನಷ್ಟದಲ್ಲಿದ್ದ ಏರ್‌ಸ್ಟ್ರೀಮ್ ಕಂಪನಿಯನ್ನು ಬಿಯಾಟ್ರಿಸ್ ಫುಡ್ಸ್‌ನಿಂದ ಖರೀದಿಸಿದರು. ವೆಚ್ಚ ತಗ್ಗಿಸಿ, ಗುಣಮಟ್ಟ ಸುಧಾರಿಸಿ ಮೊದಲ ವರ್ಷದಲ್ಲೇ ಅದನ್ನು ಲಾಭಕ್ಕೆ ತಂದರು. ಇಬ್ಬರ ಹೆಸರಿನ ಮೊದಲಕ್ಷರಗಳೇ ಸೇರಿ ‘ಥಾರ್’ ಆಯಿತು. ಮುಂದೆ ಒಂದೊಂದಾಗಿ ಇತರ ಕಂಪನಿಗಳನ್ನು ಕೊಂಡರು. 2001ರಲ್ಲಿ ಕೀಸ್ಟೋನ್ ಸೇರಿತು. ಪ್ರತಿ ಘಟಕವೂ ತನ್ನ ಹೆಸರು, ಆಡಳಿತ ಹಾಗೂ ಲಾಭ-ನಷ್ಟದ ಹೊಣೆಯನ್ನು ತಾನೇ ಉಳಿಸಿಕೊಂಡಿತು.

ನಿಜವಾದ ಪರೀಕ್ಷೆ ಎದುರಾದದ್ದು 2008-09ರ ಆರ್ಥಿಕ ಹಿಂಜರಿತದಲ್ಲಿ. ಈ ಉದ್ಯಮದ ಕೇಂದ್ರವಾದ ಇಂಡಿಯಾನ ರಾಜ್ಯದ ಎಲ್ಕ್‌ಹಾರ್ಟ್‌ನಲ್ಲಿ ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. 2009ರ ಮಾರ್ಚ್‌ನಲ್ಲಿ ಫ್ಲೀಟ್‌ವುಡ್ ಮತ್ತು ಮೊನಾಕೊ ಕಂಪನಿಗಳು ದಿವಾಳಿ ಅರ್ಜಿ ಸಲ್ಲಿಸಿದವು. ಥಾರ್‌ನ ಮಾರಾಟವೂ ಕುಸಿಯಿತು. ಆದರೆ ಅದಕ್ಕೆ ಸಾಲವಿರಲಿಲ್ಲ, ಕೈಯಲ್ಲಿ ನಗದು ಇತ್ತು. ಆದ್ದರಿಂದಲೇ ಅದು ಉಳಿಯಿತು.

2016ರಲ್ಲಿ ಜೇಕೊ, 2019ರಲ್ಲಿ ಜರ್ಮನಿಯ ಅರ್ವಿನ್ ಹೈಮರ್ ಸಮೂಹ ಥಾರ್ ಪಾಲಾದವು. ಈ ಕೊನೆಯ ಖರೀದಿಗೆ ಅದು ಭಾರಿ ಸಾಲ ಮಾಡಬೇಕಾಯಿತು.

ಮಾರಾಟ ಇಳಿದರೂ ಸಾಲದ ಕಂತು ಇಳಿಯದು. ವಿಸ್ತರಣೆಗೆ ಹೊರಡುವ ಉದ್ಯಮಿಯು ಲಾಭದ ಅಂದಾಜಿನೊಡನೆ, ಬೇಡಿಕೆ ಅರ್ಧಕ್ಕಿಳಿದ ವರ್ಷದ ಲೆಕ್ಕವನ್ನೂ ಮೊದಲೇ ಬರೆದು ನೋಡುವುದು ವಿವೇಕ.