ಸ್ಯಾನ್ ಫ್ರಾನ್ಸಿಸ್ಕೋದಿಂದ ಭೋಜಕ್ಕೆ: ದೂರ ಎಷ್ಟು, ಹೊತ್ತು ಎಷ್ಟು?

ವೇದಗಂಗಾ ಮತ್ತು ದೂಧಗಂಗಾ ನದಿಗಳ ಸಂಗಮದ ಬಳಿ ಇರುವ ಗಡಿಭಾಗದ ಗ್ರಾಮ ಭೋಜ. ಚಿಕ್ಕೋಡಿ, ನಿಪ್ಪಾಣಿ ಸೀಮೆಯ ಇಂಥ ಊರುಗಳ ಮಕ್ಕಳೂ ಇಂದು ನೌಕರಿಗಾಗಿ ಅಮೆರಿಕದವರೆಗೆ ಹೋಗುತ್ತಾರೆ. ಊರಿನಲ್ಲಿ ಹಿರಿಯರು ತೀರಿಕೊಂಡಾಗ ಮನೆಯವರ ಮುಂದೆ ಏಳುವ ಮೊದಲ ಪ್ರಶ್ನೆ, ಮಗ ಬರುವವರೆಗೆ ಅಂತ್ಯಕ್ರಿಯೆ ತಡೆಯಬೇಕೆ ಎಂಬುದು. ವಿಮಾನದ ಹಾರಾಟದ ಅವಧಿಯೊಂದನ್ನೇ ನಂಬಿದರೆ ಈ ಲೆಕ್ಕ ತಪ್ಪುತ್ತದೆ.

ಭೂಪಟದ ಗೆರೆ ಬೇರೆ, ಭೂಗೋಳದ ಗೆರೆ ಬೇರೆ

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವಿನ ವಾಯುಮಾರ್ಗದ ನೇರ ಅಂತರ 13,993 ಕಿ.ಮೀ. ಎರಡೂ ನಗರಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿವೆ. ಆದ್ದರಿಂದ ಅವುಗಳ ನಡುವಿನ ಅತಿ ಹತ್ತಿರದ ದಾರಿ ಉತ್ತರ ಧ್ರುವ ಪ್ರದೇಶದ ಮೇಲಿನಿಂದ ಹಾಯುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಈ ದಾರಿಯಲ್ಲಿಯೇ ಬೆಂಗಳೂರಿಗೆ ತಂದಿತು.

ಗಂಟೆಗೆ 900 ಕಿ.ಮೀ. ವೇಗದಲ್ಲಿ ಈ ಅಂತರಕ್ಕೆ ಹದಿನೈದೂವರೆ ಗಂಟೆ ಸಾಕು. ಆದರೆ ವಾಸ್ತವದಲ್ಲಿ ಸುಮಾರು 17 ಗಂಟೆ ಬೇಕಾಗುತ್ತದೆ. ಏರುವಾಗ ಮತ್ತು ಇಳಿಯುವಾಗ ವೇಗ ಕಡಿಮೆ. ಗಾಳಿ ಹಾಗೂ ವಾಯುಪ್ರದೇಶದ ನಿರ್ಬಂಧಗಳಿಂದಾಗಿ ದಾರಿ ಬಳಸಬೇಕಾಗುವುದೂ ಉಂಟು. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಪೂರ್ವಾಭಿಮುಖ ವಿಮಾನವನ್ನು ತಳ್ಳುತ್ತದೆ, ಪಶ್ಚಿಮಾಭಿಮುಖ ವಿಮಾನವನ್ನು ತಡೆಯುತ್ತದೆ. ಹೋಗುವ ಹೊತ್ತು ಮತ್ತು ಬರುವ ಹೊತ್ತು ಒಂದೇ ಆಗದಿರಲು ಇದೇ ಮುಖ್ಯ ಕಾರಣ.

ಗಡಿಯಾರದ ಗೊಂದಲ

ಆ ಮೊದಲ ವಿಮಾನ ಅಲ್ಲಿಯ ಸಮಯದಂತೆ ಜನವರಿ 9ರ ರಾತ್ರಿ ಹೊರಟು, ಇಲ್ಲಿಯ 11ರ ನಸುಕಿನಲ್ಲಿ ಇಳಿಯಿತು. ದಿನಾಂಕ ನೋಡಿದವರಿಗೆ ಪ್ರಯಾಣ 30 ಗಂಟೆಗೂ ಮೀರಿದಂತೆ ತೋರುತ್ತದೆ. ಚಳಿಗಾಲದಲ್ಲಿ ಭಾರತದ ಸಮಯ ಸ್ಯಾನ್ ಫ್ರಾನ್ಸಿಸ್ಕೋಗಿಂತ ಹದಿಮೂರೂವರೆ ಗಂಟೆ ಮುಂದಿರುವುದೇ ಇದಕ್ಕೆ ಕಾರಣ. ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಈ ವ್ಯತ್ಯಾಸ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ.

ಕೊನೆಯ ಹಾದಿಯೇ ನಿರ್ಣಾಯಕ

ಬೆಂಗಳೂರಿನಲ್ಲಿ ಇಳಿದ ಮಾತ್ರಕ್ಕೆ ಊರು ಬಂದಂತಲ್ಲ. ಅಲ್ಲಿಂದ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ವಾಯುಮಾರ್ಗದಲ್ಲಿ ಸುಮಾರು 445 ಕಿ.ಮೀ., ಒಂದು ಗಂಟೆಯ ಮೇಲೆ ತುಸು ಹೊತ್ತು. ಬೆಳಗಾವಿಯಿಂದ ನಿಪ್ಪಾಣಿಗೆ ಹೆದ್ದಾರಿಯಲ್ಲಿ ಮತ್ತೆ ಸುಮಾರು 75 ಕಿ.ಮೀ. ಕೊಲ್ಲಾಪುರ ನಿಲ್ದಾಣ ಇದಕ್ಕಿಂತ ಹತ್ತಿರವಾದರೂ, ಹೊಂದಿಕೆಯಾಗುವ ವಿಮಾನ ಇದೆಯೇ ಎಂದು ನೋಡಬೇಕು. ರಸ್ತೆಯಲ್ಲಿಯೇ ಬರುವುದಾದರೆ ನಿಪ್ಪಾಣಿಗೆ ಬೆಂಗಳೂರಿಗಿಂತ ಮುಂಬೈಯೇ ಸುಮಾರು 150 ಕಿ.ಮೀ. ಸಮೀಪ.

ನಿಲ್ದಾಣದಲ್ಲಿ ಮೂರು ಗಂಟೆ ಮೊದಲೇ ಹಾಜರಾಗುವುದು, ವಲಸೆ ತಪಾಸಣೆ, ಮುಂದಿನ ವಿಮಾನಕ್ಕೆ ಕಾಯುವುದು, ರಸ್ತೆ ಪ್ರಯಾಣ ಎಲ್ಲವನ್ನೂ ಕೂಡಿಸಿದರೆ 17 ಗಂಟೆಯ ಹಾರಾಟ ಮನೆಯಿಂದ ಮನೆಗೆ 28ರಿಂದ 30 ಗಂಟೆಯಾಗುತ್ತದೆ. ನೇರ ವಿಮಾನ ಸಿಗದೆ ದುಬೈ ಅಥವಾ ಯುರೋಪಿನಲ್ಲಿ ಬದಲಿಸಿದರೆ ಇನ್ನೂ ಹೆಚ್ಚು. ಟಿಕೆಟ್ ದೊರೆಯುವವರೆಗಿನ ಹೊತ್ತು ಬೇರೆಯೇ.

ಆದ್ದರಿಂದ ದೂರದಲ್ಲಿರುವವರನ್ನು ಕೇಳಬೇಕಾದದ್ದು ವಿಮಾನ ಎಷ್ಟು ಗಂಟೆ ಹಾರುತ್ತದೆ ಎಂದಲ್ಲ; ಭಾರತೀಯ ಸಮಯದಂತೆ ಯಾವ ದಿನ, ಎಷ್ಟು ಗಂಟೆಗೆ ಯಾವ ನಿಲ್ದಾಣದಲ್ಲಿ ಇಳಿಯುತ್ತೀರಿ ಎಂದು. ಅದಕ್ಕೆ ಕೊನೆಯ ಹಾದಿಯ ಹೊತ್ತನ್ನು ಕೂಡಿಸಿದರೆ, ಕಾಯಬೇಕೋ ಬೇಡವೋ ಎಂಬುದನ್ನು ಮನೆಯವರು ನಿರ್ಧರಿಸಬಹುದು.