ಹಾದಿ, ದಾರಿ, ಓಣಿ: ಸಮಾನಾರ್ಥಕ ಪದಗಳೊಳಗಿನ ಅಸಮಾನ ಅರ್ಥಗಳು

ಕೊಪ್ಪಳ: ನಿಘಂಟಿನಲ್ಲಿ ‘ದಾರಿ’ ಎಂಬ ಪದವನ್ನು ತೆರೆದರೆ ಹಾದಿ, ಮಾರ್ಗ, ಪಥ, ರಸ್ತೆ ಎಂಬ ಸಮಾನಾರ್ಥಕ ಪದಗಳು ಸಾಲಾಗಿ ದೊರೆಯುತ್ತವೆ. ಶಾಲೆಯ ಪರೀಕ್ಷೆಗೆ ಇಷ್ಟು ಸಾಕು. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ನಿತ್ಯಜೀವನದಲ್ಲಿ ಈ ಪದಗಳು ಒಂದರ ಬದಲು ಇನ್ನೊಂದು ನಿಲ್ಲುವಂಥವಲ್ಲ. ಪ್ರತಿಯೊಂದು ಪದವೂ ಅಲ್ಲಿ ಯಾರು ನಡೆಯಬಹುದು, ಯಾವ ವಾಹನ ಸಾಗಬಹುದು ಎಂಬುದನ್ನು ಸೂಚಿಸುತ್ತದೆ. ಈ ವ್ಯತ್ಯಾಸವನ್ನು ಮರೆತರೆ ನಷ್ಟವಾಗುವುದು ಭಾಷೆಗೆ ಮಾತ್ರವಲ್ಲ. ರೈತನ ಹೊಲಕ್ಕೂ ಹೌದು.

ಗ್ರಂಥದ ಹೆಸರಿನಲ್ಲೇ ದಾರಿ

ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥದ ಹೆಸರೇ ‘ಕವಿರಾಜಮಾರ್ಗ’. ಕ್ರಿ.ಶ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ಈ ಕೃತಿ, ತಿರುಳುಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣ ನಗರವನ್ನೂ ಹೆಸರಿಸುತ್ತದೆ. ಆ ಕೊಪಣವೇ ಇಂದಿನ ಕೊಪ್ಪಳ. ಇಲ್ಲಿ ‘ಮಾರ್ಗ’ ಎಂದರೆ ನೆಲದ ಮೇಲಿನ ದಾರಿಯಲ್ಲ, ಕಾವ್ಯ ರಚನೆಯ ರೀತಿ. ನಡೆಯುವ ದಾರಿಯ ಪದವು ಬದುಕುವ ಅಥವಾ ಬರೆಯುವ ರೀತಿಗೂ ಸಲ್ಲುವುದು ಕನ್ನಡದಲ್ಲಿ ಬಹಳ ಹಿಂದಿನಿಂದಲೂ ಇದೆ. ಇಂದಿಗೂ ‘ದಾರಿ ತಪ್ಪಿದ ಮಗ’, ‘ಹಾದಿಗೆ ಬಂದ’, ‘ಹಾದಿ ಕಾಯುವುದು’ ಎನ್ನುವಾಗ ಇದೇ ಅರ್ಥವಿಸ್ತಾರವನ್ನು ಕಾಣಬಹುದು.

‘ಮಾರ್ಗ’ ಮತ್ತು ‘ಪಥ’ ಸಂಸ್ಕೃತದಿಂದ ಬಂದವು. ‘ಬೀದಿ’ ಎಂಬುದು ಸಂಸ್ಕೃತದ ‘ವೀಥಿ’ಯ ತದ್ಭವ. ‘ರಸ್ತೆ’ ಪಾರಸಿ ಮೂಲದ್ದು. ಹಳಗನ್ನಡದಲ್ಲಿ ‘ಬಟ್ಟೆ’ ಎಂದರೂ ದಾರಿಯೇ. ‘ಹೆಬ್ಬಟ್ಟೆ’ ಎಂದರೆ ಹಿರಿಯ ದಾರಿ. ಇಂದು ಬಟ್ಟೆ ಎಂದರೆ ಉಡುವ ವಸ್ತ್ರವಷ್ಟೇ. ಆದರೆ ಹೆಬ್ಬಟ್ಟೆಯ ಅಚ್ಚಿನಲ್ಲೇ ಮೂಡಿದಂತಿರುವ ‘ಹೆದ್ದಾರಿ’ ಬಳಕೆಯಲ್ಲಿ ಉಳಿದಿದೆ. ಕುಷ್ಟಗಿಯ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50, ಕೊಪ್ಪಳದ ಮೂಲಕ ಸಾಗುವ ಹೆದ್ದಾರಿ 67 ಇವುಗಳನ್ನು ಕರೆಯಲು ಇದಕ್ಕಿಂತ ಸೂಕ್ತ ಪದವಿಲ್ಲ.

ಊರೊಳಗಿನ ಪದಗಳು

ಊರೊಳಗೆ ಕಾಲಿಟ್ಟರೆ ಪದಗಳು ಬದಲಾಗುತ್ತವೆ. ಊರಿನ ಹೆಬ್ಬಾಗಿಲು ‘ಅಗಸಿ’. ಕೋಟೆಗೋಡೆ ಬಿದ್ದುಹೋದ ಊರುಗಳಲ್ಲಿಯೂ ಅಗಸಿ ಎಂಬ ಹೆಸರು ಅಳಿದಿಲ್ಲ. ಅಗಸಿಯ ಒಳಗೆ ಮನೆಗಳ ಸಾಲಿನ ನಡುವಿನದು ‘ಓಣಿ’. ಈ ಪದಕ್ಕೆ ಉತ್ತರ ಕರ್ನಾಟಕದಲ್ಲಿ ಎರಡು ಅರ್ಥ: ನಡೆಯುವ ಕಿರುದಾರಿಯೂ ಹೌದು, ಅಲ್ಲಿ ವಾಸಿಸುವ ನೆರೆಹೊರೆಯೂ ಹೌದು. ‘ನಮ್ಮ ಓಣಿಯವರು’ ಎಂದಾಗ ಕೇಳಿಬರುವುದು ಜನರ ಸಂಬಂಧ. ಎರಡು ಗೋಡೆಗಳ ನಡುವೆ ಒಬ್ಬರೇ ನುಸುಳಬಹುದಾದ ಜಾಗ ‘ಸಂದಿ’.

‘ಕೇರಿ’ ಎಂಬುದೂ ಅಚ್ಚಗನ್ನಡ ಪದ. ಅದಕ್ಕೆ ಬೀದಿ, ವಸತಿ ಎಂಬ ಅರ್ಥಗಳಿದ್ದರೂ, ಅನೇಕ ಊರುಗಳಲ್ಲಿ ಅದು ಜಾತಿಯ ಹೆಸರಿನ ಬೆನ್ನಿಗೆ ಅಂಟಿಕೊಂಡು, ಊರಿನಿಂದ ಹೊರಗಿಟ್ಟವರ ನೆಲೆಯನ್ನು ಸೂಚಿಸುವ ಪದವಾಯಿತು. ಓಣಿ ಮತ್ತು ಕೇರಿಗಳ ನಡುವಿನ ಅಂತರವನ್ನು ಯಾವ ಸಮಾನಾರ್ಥಕ ಪಟ್ಟಿಯೂ ಹೇಳುವುದಿಲ್ಲ.

ದೇವಾಲಯದೊಳಗಿನ ದಾರಿಗೂ ಪ್ರತ್ಯೇಕ ಹೆಸರುಗಳಿವೆ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯ 1112ರಲ್ಲಿ ನಿರ್ಮಾಣವಾದುದು. ಗರ್ಭಗುಡಿಯನ್ನು ಸಭಾಮಂಟಪಕ್ಕೆ ಜೋಡಿಸುವ ಕಿರುಭಾಗವನ್ನು ಇಂಥ ಗುಡಿಗಳಲ್ಲಿ ‘ಅಂತರಾಳ’ ಎನ್ನುತ್ತಾರೆ. ದೇವರನ್ನು ಬಲಬರುವ ದಾರಿ ‘ಪ್ರದಕ್ಷಿಣಾ ಪಥ’. ಇಲ್ಲಿಯೂ ಹೆಸರೇ ಉಪಯೋಗವನ್ನು ತಿಳಿಸುತ್ತದೆ.

ಹೊಲದ ಹಾದಿ

ಪದದ ಅರ್ಥಕ್ಕೆ ಬೆಲೆ ಬರುವುದು ಊರ ಹೊರಗಿನ ಹೊಲಗಳಲ್ಲಿ. ಕಾಲ್ನಡಿಗೆಯವರಿಗೆ ‘ಕಾಲುದಾರಿ’, ಎತ್ತಿನ ಗಾಡಿಗೆ ‘ಬಂಡಿದಾರಿ’, ಗಾಲಿಗಳು ಓಡಾಡಿ ಮೂಡಿದ ಗುರುತು ‘ಜಾಡು’. ಕುಷ್ಟಗಿ, ಯಲಬುರ್ಗಾ ಭಾಗದ ಎರೆಹೊಲಗಳಲ್ಲಿ ಮಳೆ ಬಿದ್ದರೆ ಜಾಡು ಕೆಸರಿನಲ್ಲಿ ಮುಳುಗುತ್ತದೆ. ಆಗ ಗಾಡಿ ಪಕ್ಕದ ಹೊಲದ ಅಂಚಿಗೆ ಸರಿಯುತ್ತದೆ, ಜಗಳವೂ ಅಲ್ಲಿಂದಲೇ ಹುಟ್ಟುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ ಭಾಗದ ಗದ್ದೆಗಳಲ್ಲಿ ಸಮಸ್ಯೆಯ ರೂಪ ಬೇರೆ. ಬಂಡಿಗೆ ಸಾಕಾಗಿದ್ದ ಅಗಲ ಭತ್ತದ ಕಟಾವು ಯಂತ್ರಕ್ಕೆ ಸಾಲದು.

ಕಾನೂನು ಕೂಡ ಈ ಭೇದವನ್ನು ಗುರುತಿಸುತ್ತದೆ. 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆಯ 28ನೇ ಕಲಮಿನ ಪ್ರಕಾರ, ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯ ದಾರಿಯ ಹಕ್ಕು ಸೇರುವುದಿಲ್ಲ. ಅಂದರೆ ಕಾಲುದಾರಿಯ ಹಕ್ಕು ಇದ್ದವನಿಗೆ ಬಂಡಿ ಹೊಡೆಯುವ ಹಕ್ಕು ತಾನಾಗಿಯೇ ಬರುವುದಿಲ್ಲ. ಇನ್ನೊಬ್ಬರ ಜಮೀನಿನಲ್ಲಿ 20 ವರ್ಷ ಬಹಿರಂಗವಾಗಿ, ಶಾಂತಿಯುತವಾಗಿ, ಎಡೆಬಿಡದೆ, ಹಕ್ಕೆಂದೇ ನಡೆದುಬಂದ ದಾರಿಗೆ ಕಾನೂನಿನ ಬೆಂಬಲ ದೊರೆಯಬಹುದು. ಆದರೆ ಮಾಲೀಕನ ಅನುಮತಿ ಪಡೆದು ನಡೆದದ್ದು ಎಷ್ಟು ವರ್ಷವಾದರೂ ಹಕ್ಕಾಗುವುದಿಲ್ಲ.

ಸಾರ್ವಜನಿಕ ದಾರಿಯ ವಿಷಯ ಬೇರೆ. ಗ್ರಾಮ ನಕಾಶೆಯಲ್ಲಿ ಕಾಲುದಾರಿ ಮತ್ತು ಬಂಡಿದಾರಿಗಳಿಗೆ ಪ್ರತ್ಯೇಕ ಗುರುತುಗಳಿವೆ. ಪಹಣಿಯಲ್ಲಿ ‘ಬ ಖರಾಬು’ ಎಂದು ಕಾಣುವ ಜಮೀನು ದಾರಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಮೀಸಲಾದುದು. ಅದು ರೈತನ ಸರ್ವೆ ನಂಬರಿನೊಳಗೆ ಇದ್ದರೂ ಉತ್ತು ಬಿತ್ತುವ ಭಾಗವಲ್ಲ. ‘ಅ ಖರಾಬು’ ಎಂಬುದು ಸಾಗುವಳಿಗೆ ಬಾರದ ನೆಲ. ಒಂದು ಅಕ್ಷರದ ಅಂತರದಲ್ಲಿ ಊರ ದಾರಿ ಉಳಿಯುತ್ತದೆ ಅಥವಾ ಅಳಿಯುತ್ತದೆ.

ಪಾಲು ಹಂಚಿಕೆಯ ಹೊತ್ತಿಗೆ

ಅಣ್ಣತಮ್ಮಂದಿರು ಪಾಲಾಗುವಾಗ ಒಳಭಾಗದ ತುಂಡು ಒಬ್ಬನಿಗೆ, ರಸ್ತೆಯ ಬದಿಯದು ಇನ್ನೊಬ್ಬನಿಗೆ ಬರುವುದುಂಟು. ‘ನಮ್ಮೊಳಗೇನು, ಹಾಯ್ದು ಹೋಗಲಿ’ ಎಂಬ ಬಾಯಿಮಾತು ಒಂದು ತಲೆಮಾರಿಗೆ ಸಾಕಾಗಬಹುದು. ಹೊಲ ಮಾರಾಟವಾದ ದಿನ ಅಥವಾ ಮಕ್ಕಳ ಕಾಲ ಬಂದಾಗ ಆ ಮಾತಿಗೆ ಸಾಕ್ಷಿ ಸಿಗುವುದಿಲ್ಲ.

ಆದ್ದರಿಂದ ಪಾಲುಪತ್ರದಲ್ಲಿ ಬರೀ ‘ದಾರಿ ಇದೆ’ ಎಂದು ಬರೆಯುವುದು ಸಾಲದು. ಕಾಲುದಾರಿಯೋ, ಬಂಡಿದಾರಿಯೋ, ಟ್ರ್ಯಾಕ್ಟರು ಮತ್ತು ಕಟಾವು ಯಂತ್ರ ಹೋಗುವ ದಾರಿಯೋ, ಯಾವ ಬದುವಿನ ಗುಂಟ, ಎಷ್ಟು ಅಡಿ ಅಗಲ ಎಂಬುದನ್ನು ಸ್ಪಷ್ಟವಾಗಿ ನಮೂದಿಸಿ, ನಕ್ಷೆಯಲ್ಲಿ ತೋರಿಸಿ, ನೋಂದಣಿ ಮಾಡಿಸುವುದು ಕ್ಷೇಮ. ಹಿರಿಯರು ಒಂದೊಂದು ದಾರಿಗೂ ಒಂದೊಂದು ಹೆಸರನ್ನು ಸುಮ್ಮನೆ ಇಟ್ಟಿರಲಿಲ್ಲ. ಸರಿಯಾದ ಪದ ಕಾಗದದ ಮೇಲಿದ್ದರೆ ಮೊಮ್ಮಕ್ಕಳು ಹೊಲಕ್ಕೆ ಹೋಗಲು ಕೋರ್ಟಿನ ಹಾದಿ ತುಳಿಯಬೇಕಾಗಿಲ್ಲ.